ಸೀಳು ತಗಡಿಗೆ ಬೆಸುಗೆ ಹಾಕಿಸಿದ ಪ್ರಸಂಗ

ಒಡಕು ಮಾಲನ್ನು ನನ್ನ ತಲೆಗೆ ಕಟ್ಟುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಂಜನಗೂಡಿನ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಅದಕ್ಕೂ ಮುಂಚೆ ಸೈಕಲ್ಲಿನ ಹಿಂದೆ ಅಲ್ಯೂಮಿನಿಯಂ ತಪ್ಪಲೆಗಳನ್ನು ಕಟ್ಟಿಕೊಂಡು ಬದನವಾಳಿನಿಂದ ಮೂಗೂರಿನವರೆಗೆ ಕೂಗುತ್ತಾ ತಿರುಗಿದವನು ನಾನು. ಹತ್ತನೇ ಕ್ಲಾಸು ಪಾಸಾಗಲಿಲ್ಲ, ನಿಜ. ಆದರೆ ಒಂದು ಕೊಡವನ್ನು ಬೆರಳಲ್ಲಿ ತಟ್ಟಿದರೆ ಅದರ ಜಾತಕ ಹೇಳಬಲ್ಲೆ. ಜೇಬಿನಲ್ಲಿ ಸದಾ ಒಂದು ಅಯಸ್ಕಾಂತದ ತುಂಡು ಇರುತ್ತದೆ. ತಾಮ್ರ ಅಂತ ಯಾರಾದರೂ ಚೊಂಬು ತಂದರೆ ಅದನ್ನು ಹಿಡಿಯುತ್ತೇನೆ. ಅಂಟಿತೋ, ಒಳಗೆ ಕಬ್ಬಿಣ. ಅಂಟಲಿಲ್ಲವೋ, ಮುಂದಿನ ಮಾತು. ತಾಮ್ರಕ್ಕೂ ಅಯಸ್ಕಾಂತಕ್ಕೂ ಯಾವ ಸಂಬಂಧವೂ ಇಲ್ಲ ಎಂಬ ಈ ಒಂದು ಸತ್ಯದ ಮೇಲೆ ನಮ್ಮ ಮನೆ ನಿಂತಿದೆ. ಮಗಳ ಎಂ.ಎಸ್ಸಿ. ಕೂಡ ಅದರ ಮೇಲೇ ನಿಂತಿದೆ.

ಆ ಸತ್ಯಕ್ಕೆ ಮೊದಲ ಏಟು ಕೊಟ್ಟವಳು ಆ ಮಗಳೇ.

ಸಹನಾ ಓದಿದ್ದು ಭೌತಶಾಸ್ತ್ರ. ತಿ. ನರಸೀಪುರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಎರಡು ವರ್ಷದಿಂದ ಪಾರ್ಟ್ ಟೈಮಾಗಿ ಪಾಠ ಮಾಡುತ್ತಿದ್ದಳು. ಈ ಸಲ ಅಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಅದಕ್ಕೆ ಮೂರು ಜನ. ಶನಿವಾರ ಒಬ್ಬೊಬ್ಬರೂ ಆಡಳಿತ ಮಂಡಳಿಯವರ ಮುಂದೆ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ಮೆಚ್ಚುಗೆಯಾದವರಿಗೆ ಕೆಲಸ, ಉಳಿದವರಿಗೆ ಪಾರ್ಟ್ ಟೈಮೂ ಇಲ್ಲ. ಸಹನಾ ಆರಿಸಿಕೊಂಡ ಪಾಠ: ಸುಳಿ ಪ್ರವಾಹ ಮತ್ತು ಅಯಸ್ಕಾಂತದ ಬ್ರೇಕು.

ಆ ವಾರದ ಆರಂಭದಲ್ಲಿ ಒಂದು ಸಂಜೆ ಅಡುಗೆಮನೆಯಲ್ಲೇ ಅಭ್ಯಾಸ ನಡೆಯಿತು. ಗಜದುದ್ದದ ದಪ್ಪ ತಾಮ್ರದ ಪೈಪನ್ನು ನೆಟ್ಟಗೆ ಹಿಡಿದು, ಒಳಕ್ಕೆ ಒಂದು ಬೋಲ್ಟು ಬಿಟ್ಟಳು. ಕೆಳಗೆ ಕೈಯೊಡ್ಡಿದ್ದ ನನ್ನ ಹೆಂಡತಿ ಗಿರಿಜಾಳ ಅಂಗೈಗೆ ಅದು ತಟ್ಟನೆ ಬಿತ್ತು. ಆಮೇಲೆ ಅಷ್ಟೇ ಗಾತ್ರದ ಅಯಸ್ಕಾಂತ ಬಿಟ್ಟಳು. ಬೀಳಲಿಲ್ಲ.

"ಎಲ್ಲೇ ಹೋಯ್ತು?" ಎಂದಳು ಗಿರಿಜಾ.

"ಬರ್ತಾ ಇದೆ ಇರಮ್ಮ."

ಮದುವೆ ಮನೆಯಿಂದ ಹೊರಟ ನೆಂಟರ ಹಾಗೆ ಅದು ನಿಧಾನವಾಗಿ, ಅಲ್ಲಲ್ಲಿ ನಿಂತು ಮಾತಾಡಿಸಿಕೊಂಡು ಬರುತ್ತಿರುವಂತೆ, ಕೊನೆಗೆ ಕೆಳಗಿಳಿಯಿತು. ಪೈಪಿನೊಳಗೆ ಕೊಳೆ ಇದೆ ಅಂದೆ. ಕಡ್ಡಿಗೆ ಬಟ್ಟೆ ಸುತ್ತಿ ನನ್ನಿಂದಲೇ ಒರೆಸಿಸಿದಳು. ಮತ್ತೆ ಅದೇ ನೆಂಟರ ನಡಿಗೆ.

"ತಾಮ್ರಕ್ಕೆ ಅಯಸ್ಕಾಂತ ಅಂಟಲ್ಲ ಅನ್ನೋದು ನಿಜ ಅಪ್ಪಾಜಿ. ಆದ್ರೆ ಪಕ್ಕದಲ್ಲಿ ಓಡಾಡೋ ಅಯಸ್ಕಾಂತನ ತಾಮ್ರ ತಡೆಯುತ್ತೆ. ಮುಟ್ಟದೇ ತಡೆಯುತ್ತೆ."

"ಮುಟ್ಟದೇ ಹೇಗಮ್ಮ ತಡೆಯೋದು?"

"ನಿಮ್ಮನ್ನ ನೋಡಿ ಕಲಿತಿರಬೇಕು," ಎಂದಳು ಗಿರಿಜಾ, ಒಗ್ಗರಣೆಗೆ ಸಾಸಿವೆ ಹಾಕುತ್ತಾ. ಸಾಸಿವೆ ಸಿಡಿಯಿತು. ಆ ಮಾತಿನ ಅರ್ಥ ಕೇಳಬೇಕು ಅಂತ ಆಗ ನನಗೆ ಹೊಳೆಯಲಿಲ್ಲ.

ಗುರುವಾರ ಅಂಗಡಿಗೆ ಒಂದು ಪಾರ್ಸೆಲ್ ಬಂತು. ಕಾಲೇಜುಗಳಿಗೆ ಪ್ರಯೋಗದ ಸಾಮಾನು ಮಾರುವ ಮೈಸೂರಿನ ಒಂದು ಅಂಗಡಿಯಲ್ಲಿ ಸಹನಾ ಎರಡು ತಾಮ್ರದ ತಗಡು ನೋಡಿ, ಕಳಿಸಲು ಹೇಳಿ ಬಂದಿದ್ದಳಂತೆ. ಕೇಳಿದಷ್ಟು ಕೊಟ್ಟು ಬಂದಿದ್ದಳು, ಒಂದು ಮಾತೂ ಚೌಕಾಸಿ ಮಾಡದೆ. ಪಾತ್ರೆ ಅಂಗಡಿಯವನ ಮಗಳು ತಾಮ್ರವನ್ನು ಹೇಳಿದ ರೇಟಿಗೆ ಕೊಂಡದ್ದು ನಮ್ಮ ವಂಶದಲ್ಲಿ ಇದೇ ಮೊದಲು. ಎದೆ ಗಟ್ಟಿ ಮಾಡಿಕೊಂಡು ಬಿಚ್ಚಿದೆ. ಅಂಗೈಗಿಂತ ತುಸು ದೊಡ್ಡ ಎರಡು ತಗಡು, ತೂಗುಹಾಕಲು ಮೇಲೆ ಒಂದೊಂದು ಕಡ್ಡಿ. ಒಂದು ತಗಡು ಚೆನ್ನಾಗಿತ್ತು. ಇನ್ನೊಂದು ಕೆಳಗಿನ ಅಂಚಿನಿಂದ ಮೇಲಂಚಿನ ಹತ್ತಿರದವರೆಗೆ ನಾಲ್ಕು ಕಡೆ ಸೀಳಿಹೋಗಿತ್ತು.

ನಾನು ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ.

"ಒಂದು ತಗಡು ಸೀಳಿರೋದು ಕಳಿಸಿದ್ದೀರಲ್ರೀ."

"ಅದು ಹಾಗೇ ಇರೋದು ಸಾರ್."

"ಹಾಗೇ ಇರೋದಾ? ನೀವು ತಗಡು ಮಾರ್ತೀರೋ ಬಾಚಣಿಗೆ ಮಾರ್ತೀರೋ?"

"ಸೀಳಿರೋದಕ್ಕೇ ಸಾರ್ ರೇಟು ಜಾಸ್ತಿ. ಬಿಲ್ ನೋಡಿ. ಅನುಮಾನ ಇದ್ರೆ ಮೇಡಂನೇ ಕೇಳಿ."

ಬಿಲ್ ನೋಡಿದೆ. ಹೌದು, ಹಾಳಾದದ್ದಕ್ಕೆ ಒಳ್ಳೆಯದಕ್ಕಿಂತ ಹೆಚ್ಚು ಬೆಲೆ. ಸಿಟ್ಟು ಬಂತು, ಜೊತೆಗೆ ಸ್ವಲ್ಪ ಗೌರವವೂ ಬಂತು. ನಾನೂ ಸೊಟ್ಟ ತಟ್ಟೆಯನ್ನು ನೆಟ್ಟಗಿದೆ ಎಂದು ಮಾರಿದವನೇ. ಆದರೆ ಸೊಟ್ಟಗಿರುವುದಕ್ಕೇ ಎರಡು ಕಾಸು ಹೆಚ್ಚು ಕೊಡಿ ಎಂದು ಕೇಳುವ ಎತ್ತರಕ್ಕೆ ಏರಿರಲಿಲ್ಲ.

ವಾಪಸ್ ಕಳಿಸಿ ತರಿಸುವಷ್ಟು ದಿನ ಉಳಿದಿರಲಿಲ್ಲ. ಮಗಳ ಬದುಕಿನ ಪ್ರಶ್ನೆ. ದೊಡ್ಡವರ ಮುಂದೆ ಅವಳು ಒಡಕು ತಗಡು ಹಿಡಿದು ನಿಂತರೆ, 'ಇವರಪ್ಪನದು ಪಾತ್ರೆ ಅಂಗಡಿಯಂತೆ' ಎಂದು ಯಾರಾದರೂ ಅಂದರೆ? ಓದುಗರಿಗೆ ಇಲ್ಲಿ ಒಂದು ಕಿವಿಮಾತು ಹೇಳಿಬಿಡುತ್ತೇನೆ. ಎಡವಟ್ಟು ಮಾಡಲು ಹೊರಟವನು ತುಂಬಾ ಜನರ ಸಲಹೆ ಕೇಳುತ್ತಾನೆ, ಕೇಳಬೇಕಾದ ಒಬ್ಬರನ್ನು ಬಿಟ್ಟು. ನಾನು ಎದುರಿನ ಬಟ್ಟೆ ಅಂಗಡಿಯವರನ್ನು ಕೇಳಿದೆ, ಕಾಫಿ ತರುವವನನ್ನು ಕೇಳಿದೆ. ಎಲ್ಲರೂ "ಛೆ, ಮೋಸ" ಎಂದರು. ಕೊನೆಗೆ ತಗಡನ್ನು ಬೆಸುಗೆ ಸಿದ್ದಣ್ಣನ ಹತ್ತಿರ ಒಯ್ದೆ. ನಮ್ಮ ಅಂಗಡಿಯ ತೂತು ಕೊಡಗಳಿಗೆಲ್ಲ ಅವನೇ ಡಾಕ್ಟರು.

ಸಿದ್ದಣ್ಣ ಕನ್ನಡಕ ಏರಿಸಿ ತಗಡನ್ನು ಬೆಳಕಿಗೆ ಹಿಡಿದ.

"ಸಾ, ಇದು ಒಡ್ದೋಗಿರದಲ್ಲ. ನಾಕೂ ಒಂದೇ ಅಳತೇಲವೆ ನೋಡಿ. ಬೇಕೂಂತ್ಲೇ ಕುಯ್ದಂಗದೆ."

"ಬೇಕೂಂತ ಯಾರಾದ್ರೂ ತಾಮ್ರ ಹಾಳು ಮಾಡ್ತಾರೇನಯ್ಯ?"

"ನಂಗೇನ್ ಗೊತ್ತು ಸಾ. ಸಣ್ಣಮ್ಮಾರ್‌ಗೆ ಒಂದ್ ಪೋನ್ ಮಾಡ್ಬುಡಿ."

"ಅವಳು ಕ್ಲಾಸಲ್ಲಿರ್ತಾಳೆ. ನೀನು ಬೆಸುಗೆ ಹಾಕು."

"ನೀವ್ ಎಂಗೇಳಿದ್ರೆ ಅಂಗೆ," ಎಂದು ಸಿದ್ದಣ್ಣ ಗ್ಯಾಸು ಹಚ್ಚಿದ. ಕೆಲಸದಲ್ಲಿ ಅವನಿಗೆ ಅವನೇ ಸಾಟಿ. ನಾಲ್ಕು ಸೀಳಿಗೂ ತಾಮ್ರದ ಕಡ್ಡಿ ಕರಗಿಸಿ ತುಂಬಿ, ಅರದಲ್ಲಿ ಉಜ್ಜಿ, ಬೆರಳಾಡಿಸಿದರೂ ಸಿಗದ ಹಾಗೆ ಮಾಡಿಕೊಟ್ಟ. ನಾನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಥಳಥಳ ಎಂದಿತು. ಅಷ್ಟಕ್ಕೆ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ನಮ್ಮಲ್ಲಿ ಕೊಂಡ ಪಾತ್ರೆಗೆ ಹೆಸರು ಕೊರೆದುಕೊಡುವುದು ಮೊದಲಿನಿಂದ ಬಂದ ಪದ್ಧತಿ. ಕೊರೆಯುವ ಮಿಷನ್ನು ತೆಗೆದು ತಗಡಿನ ಕೆಳಭಾಗದಲ್ಲಿ ದುಂಡಗೆ ಕೊರೆದೆ: ಸಹನಾ, ಎಂ.ಎಸ್ಸಿ.

ಎರಡನ್ನೂ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು ಪೆಟ್ಟಿಗೆಗೆ ಹಾಕಿದೆ. ಸಂಜೆ ಮನೆಗೆ ಬಂದ ಸಹನಾ, "ತಗಡು ಬಂದ್ವಾ ಅಪ್ಪಾಜಿ? ಒಂದ್ಸಲ ನೋಡ್ತೀನಿ," ಎಂದಳು.

"ನಾನೇ ನೋಡಿ ಪ್ಯಾಕ್ ಮಾಡಿದ್ದೀನಿ. ಬಿಚ್ಚಿದ್ರೆ ಕೈ ತಾಗಿ ಕಪ್ಪಾಗುತ್ತೆ. ಶನಿವಾರ ಅಲ್ಲೇ ಬಿಚ್ಚು."

ತಾಮ್ರದ ವಿಷಯದಲ್ಲಿ ಅವಳು ನನ್ನ ಮಾತು ಮೀರಿದವಳಲ್ಲ.

ಶನಿವಾರ ನನ್ನ ಓಮ್ನಿಯಲ್ಲೇ ಹೊರಟೆವು. ಸುತ್ತೂರು ದಾಟುವವರೆಗೂ ನಾನು ಅವಳಿಗೆ ವ್ಯಾಪಾರದ ಗುಟ್ಟುಗಳನ್ನು ಹೇಳಿಕೊಟ್ಟೆ. ಗಿರಾಕಿ ಮುಂದೆ ಮೊದಲು ಸುಮಾರು ಮಾಲು ಇಡು, ಒಳ್ಳೇದು ಕೊನೆಗೆ. ಅವರು ಸುಮ್ಮನಿದ್ದರೆ ನೀನೂ ಸುಮ್ಮನಿರು. ಒಂದು ಹಂಪು ಬಂದಾಗಲೆಲ್ಲ ಒಂದು ಗುಟ್ಟು. ಸಹನಾ ಕಿಟಕಿಯಾಚೆ ನೋಡುತ್ತಾ ತುಟಿಯಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದವು. ಚಿಕ್ಕವಳಿದ್ದಾಗ ಪರೀಕ್ಷೆಯ ದಿನ ಲಂಗದ ಅಂಚನ್ನು ಹೀಗೇ ಮಾಡುತ್ತಿದ್ದಳು. ನಾನು ಆರನೇ ಗುಟ್ಟು ಶುರು ಮಾಡಿದೆ.

ಕಾಲೇಜಿನಲ್ಲಿ, ಪೋಷಕರು ಹೊರಗಿರಬೇಕು ಎಂದರು. "ನಾನು ಪೋಷಕ ಅಲ್ಲ, ಸಾಮಾನಿನ ಜವಾಬ್ದಾರಿಯವನು," ಎಂದು ಪೆಟ್ಟಿಗೆ ಹೊತ್ತುಕೊಂಡು ಒಳಹೊಕ್ಕೆ. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು, ಮಂಡಳಿಯ ಕಾರ್ಯದರ್ಶಿಗಳು, ಮತ್ತೆ ಮೈಸೂರಿನಿಂದ ಬಂದಿದ್ದ ಒಬ್ಬರು ನಿವೃತ್ತ ಪ್ರೊಫೆಸರಮ್ಮ. ತಲೆಯೆಲ್ಲ ಬೆಳ್ಳಗೆ, ಮುಖದಲ್ಲಿ ಏನೂ ಇಲ್ಲ. ಬೆಂಚಿನ ತುದಿಯಲ್ಲಿ ನಾನು.

ಹೇಳಬಾರದು, ಹೆತ್ತವನ ಕಣ್ಣು ತಾಗುತ್ತದೆ, ಆದರೂ ಹೇಳುತ್ತೇನೆ. ಹುಡುಗಿ ಚೆನ್ನಾಗಿ ಪಾಠ ಮಾಡುತ್ತಾಳೆ. ಪೈಪಿನ ಆಟಕ್ಕೇ ಮಕ್ಕಳು ಬೆಂಚು ಬಿಟ್ಟೆದ್ದು ನಿಂತರು. ಆಮೇಲೆ ಸ್ಟ್ಯಾಂಡಿಗೆ ಮೊದಲನೇ ತಗಡು ತೂಗುಹಾಕಿ ಉಯ್ಯಾಲೆಯ ಹಾಗೆ ಬಿಟ್ಟಳು. ಸುಮ್ಮನೆ ಬಿಟ್ಟಾಗ ಅದು ಸಾಕು ಸಾಕೆನ್ನುವವರೆಗೂ ತೂಗಿತು. ಕಾಲೇಜಿನ ದೊಡ್ಡ ಅಯಸ್ಕಾಂತದ ಎರಡು ತುದಿಗಳ ನಡುವೆ ತೂಗಲು ಬಿಟ್ಟಾಗ ಎರಡೇ ತೂಗಿಗೆ, ಯಾರೋ ಕಿವಿ ಹಿಡಿದ ಹಾಗೆ ನಿಂತಿತು.

"ಯಾರು ಹಿಡಿದಿದ್ದು?" ಎಂದು ಕೇಳಿದಳು. ಯಾರೂ ಇಲ್ಲ. "ನಮ್ಮ ಸಂಗಮದಲ್ಲಿ ಹೊಳೆಗೆ ಇಳಿದಾಗ ದೊಡ್ಡವರು ಏನು ಹೇಳ್ತಾರೆ?"

"ಸುಳಿ ಅದೆ, ಅತ್ಲಾಗೆ ಓಗ್ಬೇಡಿ ಅಂತಾರೆ ಮೇಡಂ."

"ಈ ತಗಡಿನ ಒಳಗೂ ಹಾಗೇ ವಿದ್ಯುತ್ತಿನ ಸುಳಿ ಹುಟ್ಟುತ್ತೆ, ತಗಡು ಅಯಸ್ಕಾಂತದ ನಡುವೆ ಓಡಾಡಿದಾಗ. ಆ ಸುಳಿಯೇ ತಗಡನ್ನ ತಡೆಯೋದು. ನಿಂತ ತಗಡಲ್ಲಿ ಸುಳಿ ಇಲ್ಲ, ಓಡೋದರಲ್ಲಿ ಮಾತ್ರ. ಈಗ ಹೇಳಿ, ಸುಳಿ ತಿರುಗೋದಕ್ಕೆ ಏನು ಬೇಕು?"

"ಜಾಗ ಮೇಡಂ."

"ಜಾಗವನ್ನೇ ಸೀಳಿಬಿಟ್ರೆ? ನಾಲ್ಕು ಕಡೆ ಸೀಳಿರೋ ತಗಡು ಇದೆ ನನ್ನ ಹತ್ರ. ಇದರಲ್ಲಿ ದೊಡ್ಡ ಸುಳಿ ತಿರುಗಲ್ಲ. ಅದಕ್ಕೇ ಇದು ಅಯಸ್ಕಾಂತದ ನಡುವೆಯೂ ಆರಾಮಾಗಿ ತೂಗುತ್ತೆ. ನೋಡಿ."

ಇಷ್ಟು ಕೇಳಿದ್ದೇ ಸಿದ್ದಣ್ಣ ಅಂದದ್ದು ನೆನಪಾಯಿತು: ಬೇಕೂಂತ್ಲೇ ಕುಯ್ದಂಗದೆ. ಏಳಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ದಾರ ಬಿಚ್ಚಿ, ಬಟ್ಟೆ ಸರಿಸಿ, ತಗಡನ್ನು ಎತ್ತಿ ಹಿಡಿದಿದ್ದಳು. ಕಿಟಕಿಯ ಬಿಸಿಲಿಗೆ ಅದು ಹಬ್ಬದ ದಿನದ ಬಿಂದಿಗೆಯ ಹಾಗೆ ಹೊಳೆಯಿತು.

ಮುಂದಿನ ಬೆಂಚಿನ ಹುಡುಗ ಕತ್ತು ಚಾಚಿದ. "ಮೇಡಂ, ಸೀಳು ಎಲ್ಲದೆ? ನಿಮ್ ಎಸ್ರದೆ."

ಸಹನಾ ತಗಡಿನ ಆ ಬದಿ ನೋಡಿದಳು, ಈ ಬದಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟಕ್ಕೆ ರೇಟು ಕಟ್ಟಲು ನನ್ನಿಂದಾಗುವುದಿಲ್ಲ. ಅದನ್ನು ತೂಗುಹಾಕಿ ಬಿಟ್ಟಳು. ಎರಡು ತೂಗು. ನಿಂತಿತು.

"ಎರಡನೇದೂ ನಿಂತುಹೋಯ್ತಲ್ಲಮ್ಮ," ಎಂದರು ಪ್ರೊಫೆಸರಮ್ಮ. ಕಾರ್ಯದರ್ಶಿಗಳು ಹಾಳೆಯ ಮೇಲೆ ಏನೋ ಬರೆದುಕೊಂಡರು. ಉದ್ದದ್ದೇನಲ್ಲ, ಒಂದೇ ಪದ. ಒಂದೇ ಪದದಲ್ಲಿ ಯಾರೂ ಹೊಗಳುವುದಿಲ್ಲ ಎಂಬುದು ನನ್ನ ಅನುಭವ.

ಆಗ ನಾನು ಎದ್ದು ನಿಂತೆ. "ಅಮ್ಮ, ತಪ್ಪು ಹುಡುಗೀದಲ್ಲ. ತಗಡು ಡ್ಯಾಮೇಜಾಗಿತ್ತು. ನಾನೇ ಸರಿ ಮಾಡಿಸಿದೆ. ನಮ್ಮ ಕೆಲಸಕ್ಕೆ ಗ್ಯಾರಂಟಿ ಇದೆ, ಬೇಕಾದ್ರೆ ಬಗ್ಗಿಸಿ ನೋಡಿ!"

ಇಡೀ ಕ್ಲಾಸು ನಕ್ಕಿತು. ನಕ್ಕು ನಕ್ಕು ಒಬ್ಬ ಬೆಂಚಿನ ಕೆಳಗೇ ಹೋದ. ಪ್ರಿನ್ಸಿಪಾಲರು ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡರು. ನಗದೇ ಇದ್ದವರು ಇಬ್ಬರೇ, ಪ್ರೊಫೆಸರಮ್ಮ ಮತ್ತು ನನ್ನ ಮಗಳು.

ಅವಳು ಒಂದು ಕ್ಷಣ ಮೇಜಿಗೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತಳು. ಅಳುತ್ತಾಳೆ ಅಂದುಕೊಂಡೆ. ಎರಡು ವರ್ಷ ನಂಜನಗೂಡಿನಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಬಂದು ಸಂಪಾದಿಸಿದ್ದನ್ನು ನಾನು ಸಿದ್ದಣ್ಣನ ಹತ್ತಿರ ಬೆಸುಗೆ ಹಾಕಿಸಿ ಮುಚ್ಚಿಸಿಬಿಟ್ಟಿದ್ದೆ. ಆಮೇಲೆ ಅವಳು ತಲೆ ಎತ್ತಿದಳು.

"ನಗೋದು ಸಾಕು. ಈಗ ಯೋಚನೆ ಮಾಡಿ. ಸೀಳಿದ್ದಾಗ ಈ ತಗಡು ತೂಗ್ತಿತ್ತು, ಮೈಸೂರಿನ ಅಂಗಡೀಲಿ ನಾನೇ ನೋಡಿದ್ದೆ. ಈಗ ಸೀಳು ತುಂಬಿದೆ, ನಿಂತುಹೋಯ್ತು. ಯಾಕೆ?"

ಒಂದು ಹುಡುಗಿ ಎದ್ದಳು. "ಸುಳಿಗೆ ಮತ್ತೆ ಜಾಗ ಸಿಕ್ತು ಮೇಡಂ."

"ಸರಿ. ಬೇರೆ ಯಾವ ಕಾರಣವೂ ಇಲ್ಲ ಅಂತ ಹೇಗೆ ನಂಬೋದು?" ಎಂದು ಕೇಳಿ, ನನ್ನ ಕಡೆ ತಿರುಗಿದಳು. "ಅಪ್ಪಾಜಿ, ಗಾಡೀಲಿ ಗರಗಸ ಇದ್ಯಾ?"

ಇತ್ತು. ವ್ಯಾಪಾರಿಯ ಗಾಡಿಯಲ್ಲಿ ಗರಗಸ ಇರಲೇಬೇಕು, ಇದೂ ಒಂದು ಕಿವಿಮಾತೇ. ಓಡಿಹೋಗಿ ತಂದೆ. ಮೇಜಿನ ಅಂಚಿಗೆ ತಗಡು ಒತ್ತಿ ಹಿಡಿದು, ಅವಳು ಬೆರಳಿಟ್ಟ ಕಡೆ ಕೊಯ್ಯಲು ಶುರು ಮಾಡಿದೆ. ಮೂವತ್ತು ವರ್ಷದಲ್ಲಿ ಎಷ್ಟೋ ಪಾತ್ರೆಗಳ ತಗ್ಗು ತಟ್ಟಿ ಸರಿಮಾಡಿದ್ದೇನೆ. ಚೆನ್ನಾಗಿರುವ ಮಾಲನ್ನು ಕೈಯಾರೆ ಕೊಯ್ದದ್ದು ಅದೇ ಮೊದಲು. ಸಿದ್ದಣ್ಣನ ಬೆಸುಗೆ ತಗಡಿಗಿಂತ ಗಟ್ಟಿಯಾಗಿತ್ತು. ಬೆವರು ಹಣೆಯಿಂದ ಮೂಗಿಗಿಳಿದು ಮಗಳ ಹೆಸರಿನ ಮೇಲೆ ತೊಟ್ಟಿಕ್ಕಿತು.

ಒಂದು ಸೀಳು. ತೂಗುಹಾಕಿದಳು. ಮಕ್ಕಳು ಒಟ್ಟಿಗೆ ಎಣಿಸಿದರು, ಮೂರು. ಇನ್ನೊಂದು ಸೀಳು, ಐದು. ಮೂರನೆಯದಕ್ಕೆ ಎಂಟು. ಹೊರಗೆ ಹೋಗುತ್ತಿದ್ದವರೂ ಬಾಗಿಲಲ್ಲಿ ನಿಂತರು. ನಾಲ್ಕನೆಯದು ಮುಗಿದಾಗ ನನ್ನ ಮೇಲುಸಿರು ಮಕ್ಕಳಿಗೆ ಕೇಳಿಸುತ್ತಿತ್ತು. ತಗಡು ತೂಗಿತು. ಹದಿನಾಲ್ಕು, ಹದಿನೈದು, ಹದಿನಾರು. ಎಣಿಕೆ ಹಾಡಾಗಿ, ಹಾಡು ಗಲಾಟೆಯಾಗಿ, ಕೊನೆಗೆ ಸಹನಾ ಕೈ ಎತ್ತಿ ನಿಲ್ಲಿಸಬೇಕಾಯಿತು. ಅವಳ ಹೆಸರು ನಾಲ್ಕು ಕಡೆ ಹರಿದು, ಅಕ್ಷರ ಅಕ್ಷರವಾಗಿ ಹಾರಾಡುತ್ತಿತ್ತು.

ಕಾರ್ಯದರ್ಶಿಗಳು ಹಾಳೆಯ ಮೇಲಿನ ಪದ ಹೊಡೆದು ಹಾಕಿದ್ದನ್ನು ನಾನು ಓರೆಗಣ್ಣಲ್ಲಿ ನೋಡಿದೆ.

ಪ್ರೊಫೆಸರಮ್ಮ ಹೊರಡುವಾಗ ತಗಡನ್ನು ಕೈಗೆ ತೆಗೆದುಕೊಂಡು, "ಸೀಳಿರೋ ತಗಡು ಎಲ್ಲ ಕಡೆ ತೋರಿಸ್ತಾರೆ. ಸೀಳೋದನ್ನ ಯಾರೂ ತೋರಿಸಲ್ಲ," ಎಂದು ಸಹನಾಗೆ ಹೇಳಿದರು. ನಾನು ಸಂದರ್ಭ ಬಿಡಬಾರದೆಂದು ನಮ್ಮ ಅಂಗಡಿಯ ಕಾರ್ಡು ಕೊಟ್ಟೆ. ಅವರು ಅದನ್ನು ಓದಿ, "ಬೆಸುಗೆ ಚೆನ್ನಾಗಿತ್ತು," ಎಂದರು.

ವಾಪಸ್ ಬರುವಾಗ ನನ್ನ ಹತ್ತಿರ ಒಂದೂ ಗುಟ್ಟು ಉಳಿದಿರಲಿಲ್ಲ. ಸುತ್ತೂರು ಬಂತು, ಹೋಯಿತು. ಹೊಳೆ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

"ಅಪ್ಪಾಜಿ."

"ಏನಮ್ಮ?"

"ಒಂದು ಮಾತು ಕೇಳಬಹುದಿತ್ತಲ್ವಾ?"

ಅಷ್ಟೇ ಅಂದಳು. ಸಿಟ್ಟು ಇರಲಿಲ್ಲ, ಅದೇ ಕಷ್ಟ. ನಾನು ಮಗಳನ್ನು ಒಂದು ದಿನವೂ ಗದರಿದವನಲ್ಲ, ಯಾವುದಕ್ಕೂ ಬೇಡ ಎಂದವನಲ್ಲ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುವವನು. ಸುಳ್ಳೇನಲ್ಲ. ಆದರೆ ಸ್ಟೇರಿಂಗ್ ಹಿಡಿದು ನೋಡಿದರೆ ಹಳೆಯ ಸಂಗತಿಗಳು ಒಂದೊಂದಾಗಿ ಎದುರಿಗೆ ಬಂದವು. ಮೈಸೂರಿನಲ್ಲಿ ಹಾಸ್ಟೆಲಿಗೆ ಸೇರುತ್ತೇನೆ ಅಂದಾಗ ನಾನು ಬೇಡ ಅನ್ನಲಿಲ್ಲ, ಬಸ್ ಪಾಸ್ ಮಾಡಿಸಿ ತಂದುಕೊಟ್ಟೆ. ಸ್ಕೂಟರ್ ಕಲಿಯುತ್ತೇನೆ ಅಂದಾಗ ಬೇಡ ಅನ್ನಲಿಲ್ಲ, ನಾನೇ ಬಸ್‌ಸ್ಟ್ಯಾಂಡಿಗೆ ಬಿಡಲು ಶುರು ಮಾಡಿದೆ. ಅವಳು ಎಲ್ಲೆಲ್ಲಿ ತನಗಾಗಿ ಒಂದು ಸೀಳು ಬಿಟ್ಟುಕೊಂಡಳೋ, ಅಲ್ಲೆಲ್ಲ ನಾನು ಪ್ರೀತಿಯಿಂದ ಬೆಸುಗೆ ಹಾಕಿದ್ದೆ. ಅರದಲ್ಲಿ ಉಜ್ಜಿ, ಬೆರಳಿಗೂ ಸಿಗದ ಹಾಗೆ.

"ತಪ್ಪಾಯ್ತಮ್ಮ," ಎಂದೆ. ವ್ಯಾಪಾರದಲ್ಲಿ ನಾನು ಹೇಳದ ಮಾತು. ಅಡುಗೆಮನೆಯ ಅಯಸ್ಕಾಂತದ ಹಾಗೇ ಅದು ನಿಧಾನವಾಗಿ ಹೊರಬಂತು.

ಮನೆಯಲ್ಲಿ ಎಲ್ಲ ಕೇಳಿ ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಆವತ್ತೇ ಹೇಳಿದ್ನಲ್ಲ. ಮುಟ್ಟೋದೂ ಇಲ್ಲ, ಬಿಡೋದೂ ಇಲ್ಲ."

ಹದಿನೈದು ದಿನಕ್ಕೆ ಆದೇಶ ಬಂತು. ಹುದ್ದೆ ಸಹನಾಗೇ. ಆದೇಶದ ಪ್ರತಿ ಕೊಡುವಾಗ ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ಒಂದು ಷರತ್ತು ಸೇರಿಸಿದರಂತೆ: "ನಿಮ್ಮ ತಂದೆಯವರನ್ನ ಮಾತ್ರ ಲ್ಯಾಬಿನೊಳಕ್ಕೆ ಬಿಡಬೇಡಮ್ಮ." ಅವಳು ಒಪ್ಪಿ ಸಹಿ ಹಾಕಿ ಬಂದಳು. ಚೌಕಾಸಿ ಮಾಡಲಿಲ್ಲ.

ಈಗ ಅವಳು ತಿ. ನರಸೀಪುರದಲ್ಲೇ ಒಂದು ರೂಮು ಮಾಡಿದ್ದಾಳೆ, ವಾರಕ್ಕೊಮ್ಮೆ ಬರುತ್ತಾಳೆ. ನಾನು ಬೇಡ ಅನ್ನಲಿಲ್ಲ. ಬಸ್ ಪಾಸಿನಂಥ ಬೇರೆ ಏನನ್ನೂ ಮಾಡಲೂ ಇಲ್ಲ, ಅದು ದೊಡ್ಡದು.

ಮೊನ್ನೆ ಅವಳ ಹೆಸರಿಗೆ ಅಂಗಡಿಗೆ ಮತ್ತೊಂದು ಪಾರ್ಸೆಲ್ ಬಂತು. ಕಾಲೇಜಿಗೆ ಹೊಸ ತಗಡುಗಳಂತೆ. ಒಂದು ಮೂಲೆ ಹರಿದಿತ್ತು. ಅದನ್ನು ಹರಿದವನು ನಾನಲ್ಲ ಎಂದು ಇಲ್ಲಿ ಪ್ರಮಾಣ ಮಾಡುತ್ತೇನೆ. ಇಣುಕಿ ನೋಡಿದೆ. ನಾಲ್ಕು ಸೀಳಿನಲ್ಲಿ ಮೂರನೆಯದು ಸ್ವಲ್ಪ ಸೊಟ್ಟಗಿತ್ತು, ಅಂಚು ಸರಿಯಾಗಿ ಉಜ್ಜಿರಲಿಲ್ಲ. ಅರ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಕೂತು, ಸಹನಾಗೆ ಫೋನ್ ಮಾಡಲು, ಊಟದ ಡಬ್ಬಿ ತಂದಿದ್ದ ಗಿರಿಜಾಳನ್ನು ಕೂಗಿದೆ.